10 ಮೀಟರಿನ ಹಗ್ಗ, ಗೂಟವಿಲ್ಲದ ಬಯಲು: ಲಾಂಗ್ ಲೈನ್ ಕೊಳ್ಳುವ ಮುನ್ನ

ಸಾಕುನಾಯಿ ಸಾಮಾನಿನ ಅಂಗಡಿಗಳಲ್ಲಿ ‘ಲಾಂಗ್ ಲೈನ್’ ಅಂತ ಕೊಡುವುದು ಬೇರೇನಲ್ಲ, 5ರಿಂದ 15 ಮೀಟರ್ ಉದ್ದದ ಪಟ್ಟಿ, ತುದಿಗೊಂದು ಹುಕ್ಕು. ಮೇಯಲು ಬಿಟ್ಟ ದನಕ್ಕೆ ಕಟ್ಟುವ ಹಗ್ಗ ಕಂಡವರಿಗೆ ಇದರಲ್ಲಿ ಹೊಸದೇನೂ ಕಾಣದು. ವ್ಯತ್ಯಾಸ ಒಂದೇ, ಇಲ್ಲಿ ಗೂಟ ಇಲ್ಲ. ಹಗ್ಗ ಸದಾ ಸಡಿಲವಾಗಿ ನೆಲದ ಮೇಲೆ ಬಿದ್ದಿರಬೇಕು, ನಾಯಿಗೆ ಅದು ಇರುವುದೇ ಮರೆತುಹೋಗಬೇಕು. ಮನೆಯಂಗಳದಲ್ಲಿ ಕರೆದೊಡನೆ ಬರುವ ನಾಯಿ ಬಯಲಲ್ಲಿ ಕುರಿಮಂದೆ ಕಂಡೊಡನೆ ಕಿವುಡಾಗುತ್ತದಲ್ಲ, ಆ ಅಂತರ ತುಂಬುವವರೆಗೆ ಬೇಕಾದ ಸಾಮಾನು ಇದು. ಆದ್ದರಿಂದ ಎಷ್ಟು ಗಟ್ಟಿ ಅನ್ನುವುದಕ್ಕಿಂತ ಎಷ್ಟು ಸಲೀಸಾಗಿ ನೆಲದ ಮೇಲೆ ಹರಿಯುತ್ತದೆ ಅನ್ನುವುದೇ ಮುಖ್ಯ.

ತುಮಕೂರಿನ ಸುತ್ತಲಿನ ನೆಲಕ್ಕೆ ಹಿಡಿದು ನೋಡಿದರೆ ಹತ್ತಿಯ ಹಗ್ಗ ಮೊದಲೇ ಸೋಲುತ್ತದೆ. ಕೈಗೆ ಹಿತ, ಜಾರಿದರೂ ಅಂಗೈ ಅಷ್ಟಾಗಿ ಉರಿಯುವುದಿಲ್ಲ, ನಿಜ. ಆದರೆ ಬೆಳಗಿನ ಇಬ್ಬನಿಯಲ್ಲಿ ನೆನೆದು ಭಾರವಾಗುತ್ತದೆ, ನೆಗ್ಗಿಲ ಮುಳ್ಳನ್ನೆಲ್ಲ ಬಾಚಿ ತರುತ್ತದೆ, ಆ ಮುಳ್ಳು ನಿಮ್ಮ ಅಂಗೈಗೇ ಚುಚ್ಚುತ್ತದೆ. ನೈಲಾನ್ ಪಟ್ಟಿ ಅಗ್ಗ, ಹಗುರ, 15ರಿಂದ 20 ಮಿಲಿಮೀಟರ್ ಅಗಲದ್ದು ಮಧ್ಯಮ ಗಾತ್ರದ ನಾಯಿಗೆ ಸಾಕು. ಅದರ ದೋಷ ಒಂದು: ಓಡುವ ನಾಯಿಯ ಹಿಂದೆ ಕೈಯೊಳಗೆ ಜಾರಿದರೆ ಚರ್ಮ ಸುಲಿಯುತ್ತದೆ. ಬೈಕಿನ ಗ್ಲೌಸು ಹಾಕಿಕೊಂಡರೆ ಮುಗಿಯಿತು. ಮೂರನೆಯದು ಬಯೋಥೇನ್, ಪಾಲಿಯೆಸ್ಟರ್ ಪಟ್ಟಿಗೆ ಪ್ಲಾಸ್ಟಿಕ್ ಲೇಪನ. ನೀರು ಹೀರದು, ಕೆಸರು ಒರೆಸಿದರೆ ಹೋಗುತ್ತದೆ, ಹುಲ್ಲಿನಲ್ಲಿ ಹಾವಿನಂತೆ ನುಣುಪಾಗಿ ಹರಿಯುತ್ತದೆ. ಮಳೆಗಾಲದಲ್ಲಿ ಕೆರೆ ಏರಿಯ ಮೇಲೆ ದಿನವೂ ಓಡಾಡಿಸುವವರು ದುಬಾರಿಯಾದರೂ ಅದನ್ನೇ ಕೊಳ್ಳಲಿ. ಉಳಿದವರಿಗೆ ನೈಲಾನೇ ಸಾಕು. ಗುಂಡಿ ಒತ್ತಿದರೆ ಸುತ್ತಿಕೊಳ್ಳುವ ಡಬ್ಬಿ ಹಗ್ಗ ಮಾತ್ರ ಈ ಕೆಲಸಕ್ಕೆ ಬೇಡವೇ ಬೇಡ. ಒಳಗಿನ ಸ್ಪ್ರಿಂಗು ಹಗ್ಗವನ್ನು ಯಾವಾಗಲೂ ಬಿಗಿ ಹಿಡಿದಿರುವುದರಿಂದ, ಎಳೆದಷ್ಟೂ ಮುಂದೆ ಹೋಗಬಹುದು ಅನ್ನುವ ಪಾಠವನ್ನೇ ನಾಯಿ ಕಲಿಯುತ್ತದೆ.

ಹುಕ್ಕಿನ ವಿಷಯಕ್ಕೆ ಬಂದರೆ, ಅಗ್ಗದ ಲೈನುಗಳು ಕೈಕೊಡುವುದು ಸಾಮಾನ್ಯವಾಗಿ ಅಲ್ಲೇ. ಹೊಳೆಯುವ ಲೇಪನದ ಒಳಗೆ ಅಚ್ಚೊತ್ತಿದ ಹಗುರ ಲೋಹ, ಸಣ್ಣದೊಂದು ಸ್ಪ್ರಿಂಗು. ಅದರೊಳಗೆ ಮಣ್ಣು ಹೋದರೆ ನಾಲಿಗೆ ಅರ್ಧಕ್ಕೇ ನಿಲ್ಲುತ್ತದೆ. ಹಿತ್ತಾಳೆ ಹುಕ್ಕು ಇರುವುದನ್ನೇ ಕೇಳಿ. ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಬೇರೆ ಹುಕ್ಕು ತಂದು, ಚಪ್ಪಲಿ ಹೊಲಿಯುವವರ ಹತ್ತಿರ ಚೌಕದೊಳಗೆ ಗುಣಿಸು ಚಿಹ್ನೆ ಬರುವಂತೆ ಹೊಲಿಸಿ. ಇನ್ನೊಂದು ತುದಿಯಲ್ಲಿ ಕೈ ಹಿಡಿಯಲು ಕುಣಿಕೆ ಇದ್ದರೆ ಬಿಚ್ಚಿ ಹಾಕಿ. ನೆಲದ ಮೇಲೆ ಎಳೆದಾಡುವಾಗ ತೋಟದ ಡ್ರಿಪ್ ಪೈಪಿಗೆ, ಬಿದ್ದ ತೆಂಗಿನ ಮಟ್ಟೆಗೆ, ಜಾಲಿ ಬೊಡ್ಡೆಗೆ ಸಿಕ್ಕಿಕೊಳ್ಳುವುದು ಆ ಕುಣಿಕೆಯೇ. ಅದರ ಬದಲು ಹಿಡಿಯುವ ತುದಿಯ ಕಡೆಯ 3 ಮೀಟರಿನಲ್ಲಿ ಮೀಟರಿಗೊಂದು ಗಂಟು ಹಾಕಿದರೆ, ಹಗ್ಗ ಮೆಟ್ಟಿ ನಿಲ್ಲಿಸುವಾಗ ಕಾಲಿಗೆ ತಡೆ ಸಿಗುತ್ತದೆ.

ಲೈನನ್ನು ಕೊರಳ ಬೆಲ್ಟಿಗೆ ಹಾಕಬಾರದು. ಮುಧೋಳದಂಥ ಓಟದ ನಾಯಿ 10 ಮೀಟರ್ ಓಡಿ ಹಗ್ಗದ ಕೊನೆ ಮುಟ್ಟುವಾಗಿನ ಜಗ್ಗು ಪೂರ್ತಿ ಕತ್ತಿನ ಮೇಲೆ ಬೀಳುತ್ತದೆ. ಎದೆಯ ಮುಂದೆ ಇಂಗ್ಲಿಷಿನ ವೈ ಆಕಾರ ಬರುವ ಬಾಡಿ ಬೆಲ್ಟ್ ಕೊಂಡು ಬೆನ್ನ ಮೇಲಿನ ಬಳೆಗೆ ಸಿಕ್ಕಿಸಿ. ಎದೆ ಮೇಲಿನ ಬಳೆಗೆ ಹಾಕಿದರೆ ಹಗ್ಗ ಮುಂಗಾಲಿಗೆ ಸುತ್ತಿಕೊಳ್ಳುತ್ತದೆ. ಬೆಲ್ಟಿನೊಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ.

ಇಷ್ಟು ಹಣ ಹಾಕಿಯೂ ಫಲ ಸಿಗದೆ ಹಗ್ಗವನ್ನೇ ಬೈಯುವವರು ಬಹಳ. ತಪ್ಪು ಸಾಮಾನ್ಯವಾಗಿ ಗದ್ದಲದಿಂದ ಎಷ್ಟು ದೂರ ನಿಲ್ಲಬೇಕು ಅನ್ನುವ ಲೆಕ್ಕದಲ್ಲಿರುತ್ತದೆ. ಜೂನಿಯರ್ ಕಾಲೇಜು ಮೈದಾನದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರೆ ಮೊದಲ ದಿನ ಬೌಂಡರಿ ಹತ್ತಿರ ನಿಲ್ಲಬೇಡಿ. 50 ಮೀಟರ್ ಆಚೆ ನಿಲ್ಲಿ, ಅದೂ ಹತ್ತಿರವಾದರೆ ಇನ್ನೂ ಹಿಂದೆ ಸರಿಯಿರಿ. ನಾಯಿ ಬಾಯಿ ಮುಚ್ಚಿ, ಕಿವಿ ಮುಂದಕ್ಕೆ ನಿಗುರಿ, ಬಾಲ ಸೆಟೆದರೆ ಅದು ನಿಮ್ಮ ಮಾತು ಕೇಳುವ ಮಿತಿ ದಾಟುತ್ತಿದೆ. ಕೊಟ್ಟ ತಿಂಡಿ ಮೂಸದಿದ್ದರೆ ಅಥವಾ ಬೆರಳು ಕಚ್ಚುವಂತೆ ಕಸಿದರೆ ದಾಟಿಯಾಯಿತು. ಆಗ ಹೆಸರು ಹತ್ತು ಸಲ ಕೂಗಿದರೆ ಹೆಸರಿಗೇ ಬೆಲೆ ಹೋಗುತ್ತದೆ. ಮಾತಾಡದೆ ದೂರ ನಡೆಯಿರಿ.

ಸರಿಯಾದ ದೂರ ಸಿಕ್ಕ ಮೇಲೆ ಕೆಲಸ ಸುಲಭ. ನಾಯಿ ಆಟಗಾರರತ್ತ ನೋಡಿದ ಕ್ಷಣವೇ ‘ಹೂಂ’ ಅನ್ನಿ, ಒಂದು ಸೆಕೆಂಡಿನೊಳಗೆ ತಿಂಡಿ ಕೊಡಿ. ನೋಡಿದ್ದಕ್ಕೇ ಬಹುಮಾನವೇ ಅಂತ ಹುಬ್ಬೇರಿಸುವವರಿದ್ದಾರೆ. ಹೌದು, ನೋಡಿದ್ದಕ್ಕೇ. ಆಗ ಆ ಗದ್ದಲ ತಿಂಡಿಯ ಸೂಚನೆಯಾಗುತ್ತದೆ, ಕೆಲವು ಸುತ್ತಿನ ನಂತರ ನಾಯಿ ಅತ್ತ ನೋಡಿ ತಾನಾಗಿ ನಿಮ್ಮತ್ತ ಮುಖ ತಿರುಗಿಸುತ್ತದೆ. ಇನ್ನು ಮುಂದೆ ‘ಹೂಂ’ ಅನ್ನುವುದು ಆ ತಿರುಗುವಿಕೆಗೆ. ಹತ್ತರಲ್ಲಿ ಎಂಟು ಸಲ ತಿರುಗಿದರೆ 5 ಮೀಟರ್ ಹತ್ತಿರ ಹೋಗಿ, ಐದೇ ಸಲವಾದರೆ ಹಿಂದೆ ಬನ್ನಿ. 10 ನಿಮಿಷ ಸಾಕು, ಆಮೇಲೆ 5 ನಿಮಿಷ ಹಗ್ಗ ಪೂರ್ತಿ ಬಿಟ್ಟು ಮೂಸಲು ಬಿಡಿ. ಮೂಸುವುದೂ ಸಂಬಳವೇ.

ತಿಂಡಿಗೆ ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಕೋಳಿ ಅಥವಾ ಪನೀರು, ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ 40-50 ಚೂರು. ಅಷ್ಟನ್ನು ರಾತ್ರಿಯ ಊಟದಲ್ಲಿ ಕಡಿಮೆ ಮಾಡಿ. ಕೋಳಿ ಲಿವರ್ ಹೆಚ್ಚಾದರೆ ಭೇದಿ ಆಗುತ್ತದೆ. ಒಣದ್ರಾಕ್ಷಿ ನಾಯಿಗೆ ವಿಷ.

ಲೈನಿನ ಜೊತೆ ಇನ್ನೊಂದು ಸಾಮಾನು ಬೇಕು, ಅದಕ್ಕೆ ದುಡ್ಡು ಖರ್ಚಿಲ್ಲ: ಹಳೆಯ ಗೋಣಿಚೀಲ. ಗದ್ದಲದ ನಡುವೆಯೂ ಸುಮ್ಮನೆ ಮಲಗುವುದನ್ನು ನಾಯಿ ಕಲಿಯುವುದು ಅದರ ಮೇಲೆ. ಮೊದಲು ಮನೆಯಲ್ಲಿ ಅದರ ಮೇಲೆ ಮಲಗಿದಾಗೆಲ್ಲ ಮುಂಗಾಲುಗಳ ನಡುವೆ ತಿಂಡಿ ಇಡಿ, ಎಸೆಯಬೇಡಿ, ಎಸೆದರೆ ಎದ್ದುಬಿಡುತ್ತದೆ. ಮಲಗುವ ಹೊತ್ತನ್ನು 5 ಸೆಕೆಂಡಿನಿಂದ 2 ನಿಮಿಷದವರೆಗೆ ಬೆಳೆಸಿ, ಆಮೇಲೆ ಅದೇ ಚೀಲವನ್ನು ಮೈದಾನದ ಅಂಚಿಗೆ ಒಯ್ಯಿರಿ. ಹೊರಗೆ ಮತ್ತೆ 5 ಸೆಕೆಂಡಿನಿಂದಲೇ ಶುರು.

ಎಲ್ಲ ಕಡೆಗೂ ಈ ಹಗ್ಗ ಹೊಂದುವುದಿಲ್ಲ. ಬಿ.ಎಚ್. ರಸ್ತೆಯಲ್ಲಿ, ಅಮಾನಿಕೆರೆಯ ಕಡೆ ವಾಕಿಂಗ್ ಜನರ ನಡುವೆ 10 ಮೀಟರ್ ಅಪಾಯ, ಯಾರದಾದರೂ ಕಣಕಾಲಿಗೆ ಸುತ್ತಿ ಸುಟ್ಟಂತೆ ಗಾಯವಾಗುತ್ತದೆ. ಅಲ್ಲಿ 2 ಮೀಟರಿನದೇ ಸರಿ. ದೇವರಾಯನದುರ್ಗ, ನಾಮದ ಚಿಲುಮೆಗೆ ನಾಯಿ ಕರೆದೊಯ್ಯುವ ಯೋಚನೆಯೇ ಬೇಡ. ಕೋತಿ, ಜಿಂಕೆ, ಚಿರತೆ ಇರುವ ಕಾಡದು. ಬೀದಿನಾಯಿ ಎದುರಾದರೆ ಹಗ್ಗ ಬಿಗಿ ಮಾಡಬೇಡಿ, ಬಿಗಿಯಾದಷ್ಟೂ ನಿಮ್ಮ ನಾಯಿ ಸೆಟೆದು ನಿಲ್ಲುತ್ತದೆ. ಒಂದು ಹಿಡಿ ತಿಂಡಿಯನ್ನು ಅವುಗಳತ್ತ ಚೆಲ್ಲಿ ಬೇರೆ ದಿಕ್ಕಿಗೆ ನಡೆದುಬಿಡಿ. ಕಲ್ಲು ಎತ್ತುವಂತೆ ಬಗ್ಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಉಪಾಯ, ಆದರೆ ಅದಕ್ಕೆ ನಿಮ್ಮದೂ ಬೆದರುತ್ತದೆ.

ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಮುರಿಯುವುದು ಹಾಗೇ. ಎಂಟರ ಆಕಾರದಲ್ಲಿ ಮಡಚಿ ಅಂಗೈ ಮೇಲೆ ಇಟ್ಟುಕೊಂಡರೆ ಒಂದೊಂದೇ ಮಡಿಕೆ ಬಿಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ 8ರೊಳಗೆ ಮುಗಿಸಿ. ಮನೆಗೆ ಬಂದ ಮೇಲೆ ಪಾದದ ಸಂದಿಯಲ್ಲಿ ಮುಳ್ಳು, ಕಿವಿಯ ಹಿಂದೆ ಉಣ್ಣಿ ಹುಳ ಇವೆಯೇ ನೋಡಿ. ವಾರಕ್ಕೊಮ್ಮೆ ಹುಕ್ಕನ್ನು ನೀರಲ್ಲಿ ತೊಳೆದು ಒಣಗಿಸಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ.

ನಾಯಿ ಪಳಗಿತು ಅಂತ ಲೈನನ್ನು ಒಂದೇ ದಿನ ಬಿಚ್ಚುವುದಲ್ಲ. ವಾರಗಟ್ಟಲೆ ಹಗ್ಗ ಒಮ್ಮೆಯೂ ಬಿಗಿಯಾಗದಿದ್ದರೆ 10 ಮೀಟರಿನದನ್ನು 7ಕ್ಕೆ, ಆಮೇಲೆ 4ಕ್ಕೆ ಕತ್ತರಿಸುತ್ತ ಬನ್ನಿ. ಕತ್ತರಿಸಿದ ನೈಲಾನ್ ತುದಿಯನ್ನು ಬೆಂಕಿಕಡ್ಡಿಯಿಂದ ಕರಗಿಸಿ ಮುಚ್ಚಿ, ಇಲ್ಲದಿದ್ದರೆ ಎಳೆ ಬಿಚ್ಚಿಕೊಳ್ಳುತ್ತದೆ.