ಸರಪಳಿ ಕಿತ್ತುಕೊಂಡ ನಾಯಿಗಿಂತ ಅದನ್ನು ಕಟ್ಟಿಹಾಕಿದವರ ಬಗ್ಗೆ ಎಚ್ಚರವಿರಲಿ

ವಿರಾಜಪೇಟೆ ತಾಲ್ಲೂಕಿನ ನಮ್ಮ ತೋಟದ ರಸ್ತೆಯಲ್ಲಿ 2025ರ ಜನವರಿಯಲ್ಲಿ ಪಿಟ್‌ಬುಲ್ ನಾಯಿಯೊಂದು ನನ್ನ ಮುಂಗೈಗೆ ಕಚ್ಚಿತು. ಆ ದಾರಿಯಲ್ಲಿ ಕೆಲಸಕ್ಕೆ ನಡೆದುಹೋಗುವವರು, ಹೋಮ್‌ಸ್ಟೇಗಳಿಗೆ ಬರುವವರು, ಮುಖ್ಯವಾಗಿ ಇಂಥ ನಾಯಿಯೊಂದನ್ನು ತರಬೇಕೆಂದು ಯೋಚಿಸುತ್ತಿರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾಯಿಯ ಯಜಮಾನರು ಇರುವುದು ಬೆಂಗಳೂರಿನಲ್ಲಿ. ಕುಯ್ಲಿನ ಕಾಲದಲ್ಲಿ ಕಣದಿಂದ ಕಾಫಿ ಕಳುವಾಗುತ್ತದೆ, ಚಿರತೆ ಬಂದು ಊರ ನಾಯಿಗಳನ್ನು ಹೊತ್ತೊಯ್ಯುತ್ತದೆ, ಆದ್ದರಿಂದ ಜೋರಾದ ನಾಯಿಯೇ ಬೇಕು ಎಂಬುದು ಅವರ ಲೆಕ್ಕವಾಗಿತ್ತು. ಕಿವಿ ಕತ್ತರಿಸಿದ ಮರಿಯನ್ನು ತಂದು, ಗೋದಾಮಿನ ಪಕ್ಕದ ಕಬ್ಬಿಣದ ಕಂಬಕ್ಕೆ ಒಂದು ಮಾರಿನಷ್ಟೂ ಉದ್ದವಿಲ್ಲದ ಸರಪಳಿಯಲ್ಲಿ ಕಟ್ಟಿದರು. ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ದಿನಕ್ಕೊಮ್ಮೆ ಅನ್ನದ ತಟ್ಟೆಯನ್ನು ಕೋಲಿನಿಂದ ಅದರ ಮುಂದೆ ತಳ್ಳುತ್ತಿದ್ದರು. ಎರಡು ವರ್ಷಗಳಲ್ಲಿ ಒಂದು ದಿನವೂ ಆ ನಾಯಿಯನ್ನು ಯಾರಾದರೂ ನಡೆಸಿಕೊಂಡು ಹೋದದ್ದನ್ನು ನಾನು ಕಾಣಲಿಲ್ಲ. ಅದು ಬೊಗಳಿದಷ್ಟೂ ಯಜಮಾನರಿಗೆ ಸಂತೋಷವಾಗುತ್ತಿತ್ತು.

ಅಂದು ಬೆಳಿಗ್ಗೆ ಆರೂವರೆಗೆ ಮಂಜು ದಟ್ಟವಾಗಿ ಕವಿದಿತ್ತು. ನನಗೆ ಮೊದಲು ಕೇಳಿಸಿದ್ದು ಬೊಗಳುವ ಸದ್ದಲ್ಲ, ಜಲ್ಲಿಕಲ್ಲಿನ ಮೇಲೆ ಸರಪಳಿ ಎಳೆದಾಡುವ ಸದ್ದು. ತಿರುಗಿ ನೋಡುವಷ್ಟರಲ್ಲಿ ನಾಯಿ ನನ್ನ ಬಲಗೈಯನ್ನು ಹಿಡಿದಿತ್ತು. ತೋಟದ ಕಾರ್ಮಿಕರ ಸಾಲುಮನೆಯಿಂದ (ಲೈನ್ ಮನೆ) ಓಡಿಬಂದ ಕಾರ್ಮಿಕರೊಬ್ಬರು ಅದರ ತಲೆಯ ಮೇಲೆ ಗೋಣಿಚೀಲ ಹಾಕಿ ಕೊರಳಪಟ್ಟಿಯನ್ನು ಬಿಗಿಯಾಗಿ ತಿರುಚಿದ ಮೇಲೆಯೇ ಹಿಡಿತ ಸಡಿಲವಾಯಿತು. ಆಗ ಅದರ ಕುತ್ತಿಗೆಯನ್ನು ಗೇಣಿನಷ್ಟು ಹತ್ತಿರದಿಂದ ನೋಡಿದೆ. ಪಟ್ಟಿಯ ಕೆಳಗೆ ಕೂದಲು ಪೂರ್ತಿ ಉದುರಿ, ಚರ್ಮ ಹಸಿಯಾಗಿ ಕೀವು ತುಂಬಿತ್ತು. ಸರಪಳಿಯ ಕೊಂಡಿ ಎಂದೋ ಮುರಿದಿದ್ದು, ಅದರ ಬದಲಿಗೆ ಕಟ್ಟಿದ್ದ ಪ್ಲಾಸ್ಟಿಕ್ ಹಗ್ಗ ತುಂಡಾಗಿ ನೇತಾಡುತ್ತಿತ್ತು.

ಗಾಯಕ್ಕೆ ಒತ್ತಲು ಯಾರೋ ಕಾಫಿಪುಡಿ ತಂದರು. ದಯವಿಟ್ಟು ಇಂಥದ್ದನ್ನು ಮಾಡಬೇಡಿ. ನಮ್ಮ ಚಿಕ್ಕಮ್ಮ ಅದನ್ನು ತಡೆದು, ನಲ್ಲಿಯ ಕೆಳಗೆ ಕೈ ಹಿಡಿಸಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಸಿದರು. ನಾಯಿಗೆ ರೇಬೀಸ್ ಲಸಿಕೆ ಹಾಕಿಸಿದ ಕಾರ್ಡು ಇದೆಯೇ ಎಂದು ಫೋನಿನಲ್ಲಿ ಕೇಳಿದರೆ, ಮರಿ ಮಾರಿದವರು ಏನೋ ಇಂಜೆಕ್ಷನ್ ಕೊಟ್ಟಿದ್ದರು ಎಂಬ ಉತ್ತರ ಬಂತು. ಆಸ್ಪತ್ರೆಯಲ್ಲಿ ಗಾಯದ ಸುತ್ತಲೂ ರೇಬೀಸ್ ನಿರೋಧಕ ಸೀರಂ ಚುಚ್ಚಿದರು. ಲಸಿಕೆಯನ್ನು ಅಂದೇ ಆರಂಭಿಸಿ, ಅಲ್ಲಿಂದ 3, 7 ಮತ್ತು 28ನೇ ದಿನ ತಪ್ಪದೆ ಬರಬೇಕೆಂದರು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುವುದು ಅಸಾಧ್ಯವೆನ್ನುವಷ್ಟು ಅಪರೂಪ. ಆ ಇಪ್ಪತ್ತೆಂಟು ದಿನ ನಾನು ನೆಮ್ಮದಿಯಾಗಿ ನಿದ್ದೆ ಮಾಡಲಿಲ್ಲ.

ಯಜಮಾನರು ಕ್ಷಮೆ ಕೇಳಲಿಲ್ಲ. ಈ ಜಾತಿಯ ನಾಯಿಗಳ ಮೇಲಿನ ನಿಷೇಧವನ್ನು ಕೋರ್ಟೇ ತೆಗೆದುಹಾಕಿದೆ, ತಮ್ಮದೇನೂ ತಪ್ಪಿಲ್ಲ ಎಂದರು. ನಿಷೇಧ ಹೋದರೆ ಸಾಕಿದವರ ಹೊಣೆಯೂ ಹೋಯಿತು ಎಂಬುದು ಅನೇಕರಲ್ಲಿರುವ ತಪ್ಪು ತಿಳಿವಳಿಕೆ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳನ್ನು ನಿಷೇಧಿಸುವಂತೆ ಹೊರಡಿಸಿದ ಸುತ್ತೋಲೆಯನ್ನು ನಮ್ಮ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದುಪಡಿಸಿದ್ದು, ಸಂಬಂಧಪಟ್ಟವರೊಡನೆ ಸಮಾಲೋಚಿಸದೆ ಅದನ್ನು ಹೊರಡಿಸಲಾಗಿತ್ತು ಎಂಬ ಕಾರಣಕ್ಕೆ. ಸಾಕಿದವರ ಹೊಣೆಯನ್ನು ಆ ತೀರ್ಪು ತೆಗೆದುಹಾಕಿಲ್ಲ. ತನ್ನ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನಾಯಿಯನ್ನು ಸದಾ ಕಟ್ಟಿಹಾಕಿ ಓಡಾಡಿಸದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಅಪರಾಧ. ಕಚ್ಚುವುದಕ್ಕೆ ಮೊದಲೇ ನಾನು ಪಂಚಾಯಿತಿಗೆ ಲಿಖಿತ ದೂರು ಕೊಡಬೇಕಾಗಿತ್ತು. ನೆರೆಹೊರೆಯವರ ಮನಸ್ಸು ಕೆಡುವುದು ಬೇಡವೆಂದು ಎರಡು ವರ್ಷ ಸುಮ್ಮನಿದ್ದೆ.

ಇನ್ನೊಂದು ನೋವನ್ನೂ ಹೇಳಬೇಕು. ನಮ್ಮ ಮನೆಯಲ್ಲೂ ಪಿಟ್‌ಬುಲ್‌ಗೆ ಹತ್ತಿರದ ಬುಲ್ಲಿ ಮಿಶ್ರತಳಿಯ ಹೆಣ್ಣುನಾಯಿಯೊಂದಿದೆ, ಹೆಸರು ಚಿನ್ನಿ. ಈ ನಾಯಿಗಳ ಪೂರ್ವಜರನ್ನು ಇಂಗ್ಲೆಂಡಿನಲ್ಲಿ ಗೂಳಿಗಳ ಮೇಲೆ ಛೂ ಬಿಡುವ ಆಟಕ್ಕೆಂದು ಬೆಳೆಸಿದ್ದರು. ಆ ಆಟವನ್ನು 1835ರಲ್ಲಿ ನಿಷೇಧಿಸಿದ ಮೇಲೆ ನಾಯಿ ಕಾಳಗಕ್ಕೆ ಬಳಸಿದರು. ಹಿಡಿದರೆ ಬಿಡದ ಆ ಬಲ ಚಿನ್ನಿಯ ದವಡೆಯಲ್ಲೂ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕಾಗಿಯೇ ಮರಿಯಾಗಿದ್ದಾಗಿನಿಂದ ಅವಳನ್ನು ಜನರ ನಡುವೆ ಬೆಳೆಸಿದೆವು. ದಿನಕ್ಕೆರಡು ಸಲ ಬಾರು ಹಿಡಿದೇ ನಡೆಸುತ್ತೇವೆ, ವರ್ಷ ತಪ್ಪದೆ ಲಸಿಕೆ ಹಾಕಿಸುತ್ತೇವೆ. ಲೈನಿನ ಮಕ್ಕಳು ಶಾಲೆಯಿಂದ ಬರುವಾಗ ಅವಳ ಕಿವಿ ಸವರಿಯೇ ಮನೆಗೆ ಹೋಗುತ್ತಿದ್ದರು. ಈಗ ಅದೇ ಮಕ್ಕಳು ರಸ್ತೆಯ ಆಚೆ ಬದಿಯಲ್ಲಿ ಓಡುತ್ತಾರೆ. "ಅಕ್ಕ, ನಿಮ್ಮದೂ ಅದೇ ಜಾತಿ ಅಲ್ವಾ?" ಎಂದು ಅವರ ತಾಯಂದಿರು ಕೇಳುತ್ತಾರೆ. ಅವರ ಹೆದರಿಕೆಯನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಗೇಟಿನ ಬಳಿ ಬಾಲ ಆಡಿಸುತ್ತಾ ಕಾಯುವ ಚಿನ್ನಿಯನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕೆಂದು ವೈದ್ಯರು ಹೇಳಿದ್ದರು. ಮೂರನೆಯ ರಾತ್ರಿಯೇ ಅದನ್ನು ಜೀಪಿನಲ್ಲಿ ಎಲ್ಲಿಗೋ ಸಾಗಿಸಿದರು. ಎಲ್ಲಿ ಬಿಟ್ಟರೆಂದು ರೈಟರ್ ಇಂದಿಗೂ ಹೇಳಿಲ್ಲ. ಕಳೆದ ವಾರ ಅದೇ ದಾರಿಯಲ್ಲಿ ಹೋಗುವಾಗ ಗೋದಾಮಿನ ಕಡೆ ನೋಡಿದೆ. ಅದೇ ಕಂಬಕ್ಕೆ, ಕಿವಿಗೆ ಇನ್ನೂ ಹೊಲಿಗೆಯಿದ್ದ ಮರಿಯೊಂದನ್ನು ಕಟ್ಟಿದ್ದರು. ಈ ಸಲ ಪಂಚಾಯಿತಿಗೂ ಪಶುವೈದ್ಯರಿಗೂ ಮರುದಿನವೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇನೆ.