ಪ್ರಾಜೆಕ್ಟ್ ಗುಟೆನ್‌ಬರ್ಗ್: ನನ್ನ ಇ-ರೀಡರ್ ತುಂಬಿದ ಲೈಬ್ರರಿ

ಇ-ರೀಡರ್ ಕೊಂಡ ವಾರ ಪುಸ್ತಕಕ್ಕಾಗಿ ಸಿಕ್ಕಸಿಕ್ಕಲ್ಲಿ ಹುಡುಕಿದೆ. ಒಂದು ತಾಣ ಉಚಿತ ಅಂತ ಹೇಳಿ ಕೊನೆಗೆ ಕಾರ್ಡ್ ನಂಬರ್ ಕೇಳಿತು. ಬೇಜಾರಾಯಿತು. ಆಮೇಲೆ ಸಿಕ್ಕಿದ್ದು ಉಚಿತ ಆನ್‌ಲೈನ್ ಲೈಬ್ರರಿ ಪ್ರಾಜೆಕ್ಟ್ ಗುಟೆನ್‌ಬರ್ಗ್. ಮೈಕೆಲ್ ಹಾರ್ಟ್ 1971ರಲ್ಲಿ ಶುರು ಮಾಡಿದ್ದು, ಈಗ 70,000ಕ್ಕೂ ಜಾಸ್ತಿ ಪುಸ್ತಕಗಳಿವೆ. ಖಾತೆ ಬೇಡ, ಪಾಸ್‌ವರ್ಡ್ ಬೇಡ. ಇಪಬ್ (ಇ-ಪುಸ್ತಕದ ಒಂದು ಮಾದರಿ) ಫೈಲ್ ಇಳಿಸಿಕೊಂಡೆ, ಕೇಬಲ್ ಚುಚ್ಚಿ ರೀಡರ್‌ಗೆ ಹಾಕಿದೆ, ಅಷ್ಟೇ. ನಿನ್ನೆ ರಾತ್ರಿ ಅಕ್ಷರ ದೊಡ್ಡದು ಮಾಡಿಕೊಂಡು ನೂರು ವರ್ಷ ಹಳೆಯ ಕಥೆಯೊಂದನ್ನು ಒಂದೇ ಉಸಿರಿಗೆ ಓದಿ ಮುಗಿಸಿದೆ. ನಡುವೆ ಒಂದೂ ಜಾಹೀರಾತು ಇಲ್ಲ. ಎಂಥಾ ಸುಖ ಅಲ್ವಾ!

ಇಲ್ಲಿರುವುದು ಹೆಚ್ಚಾಗಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳು. ಹೊಸದು ಬೇಕಾದರೆ ಲೈಬ್ರರಿಗಳಿಂದ ಇ-ಪುಸ್ತಕ ಎರವಲು ಕೊಡಿಸುವ ಲಿಬ್ಬಿ ಆ್ಯಪ್ ನೋಡಿ. ಅದಕ್ಕೆ ಸೇರಿದ ಲೈಬ್ರರಿಯ ಕಾರ್ಡ್ ಬೇಕು. ಅವಧಿ ಮುಗಿದರೆ ಪುಸ್ತಕ ತಾನಾಗಿಯೇ ವಾಪಸ್ ಹೋಗುತ್ತದೆ, ದಂಡ ಕಟ್ಟುವ ಚಿಂತೆಯಿಲ್ಲ.