ಫಾಲ್ಕನ್‌ಗೆ ಅಗ್ಗದ ಟರ್ಬೊ ಕಿಟ್ ತರಿಸುವ ಮುಂಚೆ ಇದನ್ನು ಓದಿ

"ಆರು ಸಿಲಿಂಡರ್ ಫಾಲ್ಕನ್‌ಗೆ ಪೂರ್ತಿ ಟರ್ಬೊ ಕಿಟ್, ಟ್ಯೂನ್ ಬೇಡ, ಬೋಲ್ಟ್ ಹಾಕಿ ಓಡಿಸಿ" ಅನ್ನುವ ಜಾಹೀರಾತು ಕಂಡರೆ ದಯವಿಟ್ಟು ದುಡ್ಡು ಕಳಿಸಬೇಡಿ. ಅಂಥದೇ ಒಂದು ಕಿಟ್‌ನಿಂದ ನನ್ನ ತಮ್ಮನ ಫೋರ್ಡ್ ಫಾಲ್ಕನ್ ಕಾರಿನ ಎಂಜಿನ್ ಹಾಳಾಯಿತು. ಟರ್ಬೊ ಅಂದರೆ ಎಂಜಿನ್ ಉಗುಳುವ ಹೊಗೆಯಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಸಾಧನ; ಟ್ಯೂನ್ ಅಂದರೆ ಅದಕ್ಕೆ ತಕ್ಕಂತೆ ಗಾಡಿಯ ಕಂಪ್ಯೂಟರಿನ ಲೆಕ್ಕ ಬದಲಿಸುವುದು. ಎಣ್ಣೆ ಕುಡಿಯದ, ಸದ್ದಿಲ್ಲದೆ ಓಡುತ್ತಿದ್ದ ಗಟ್ಟಿ ಎಂಜಿನ್ ಅದು. ಮೆಲ್ಬೋರ್ನ್‌ನಲ್ಲಿ ನಮ್ಮ ಹುಡುಗರು ಕೆಲವರು ಹಳೇ ಫಾಲ್ಕನ್ ಇಟ್ಟುಕೊಂಡು ಇದೇ ಯೋಚನೆಯಲ್ಲಿದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಆಸೆ ಯಾಕೆ ಹುಟ್ಟುತ್ತದೆ ಅಂತ ನನಗೆ ಗೊತ್ತು. ಊರಲ್ಲಿ ನಾವು ಓಡಿಸಿದ್ದು ಸಣ್ಣ ಕಾರುಗಳನ್ನು. ಇಲ್ಲಿ ನಾಲ್ಕು ಲೀಟರಿನ ಆರು ಸಿಲಿಂಡರ್ ಗಾಡಿ ಕಡಿಮೆ ಬೆಲೆಗೆ ಸಿಗುತ್ತದೆ. 2002ರಲ್ಲಿ ಬಿಎ ಫಾಲ್ಕನ್ ಜೊತೆ ಬಂದ ಬಾರಾ ಎಂಜಿನ್ 182 ಕಿಲೋವ್ಯಾಟ್ ಕೊಡುತ್ತಿತ್ತು. ಅದೇ ಕಾಲದಲ್ಲಿ ಕಂಪನಿಯೇ ಟರ್ಬೊ ಹಾಕಿ ಮಾರಿದ ಫಾಲ್ಕನ್ ಎಕ್ಸ್‌ಆರ್6 ಟರ್ಬೊದಲ್ಲಿ ಅದು 240 ಕಿಲೋವ್ಯಾಟ್. ಕಂಪನಿಯೇ ಇದೇ ಎಂಜಿನ್‌ಗೆ ಟರ್ಬೊ ಹಾಕಿದ ಮೇಲೆ ನಮ್ಮ ಗಾಡಿಗೂ ಆಗಬೇಕು, ಅಲ್ವಾ? ಮಾರುವವನು ಹಿಡಿಯುವುದೇ ಈ ಎಳೆಯನ್ನು.

ಆದರೆ ಫೋರ್ಡ್ ಸುಮ್ನೆ ಒಂದು ಟರ್ಬೊ ತಂದು ಅಂಟಿಸಿರಲಿಲ್ಲ. ಸಾದಾ ಎಂಜಿನ್‌ನ ಕಂಪ್ರೆಷನ್ (ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎನ್ನುವ ಲೆಕ್ಕ) 9.7ಕ್ಕೆ 1. ಟರ್ಬೊ ಎಂಜಿನ್‌ಗೆ ಅದನ್ನು 8.7ಕ್ಕೆ ಇಳಿಸಿದ್ದರು. ಪಿಸ್ಟನ್ ಬೇರೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬೇರೆ, ಕಂಪ್ಯೂಟರಿನ ಲೆಕ್ಕವೂ ಬೇರೆ. ಇಷ್ಟೆಲ್ಲ ಮಾಡಿಯೂ ಬೂಸ್ಟ್, ಅಂದರೆ ಟರ್ಬೊ ಗಾಳಿ ತುರುಕುವ ಒತ್ತಡ, ಸುಮಾರು 6 ಪಿಎಸ್‌ಐ ಮಾತ್ರ.

ನಮಗೆ ಬಂದ ಪೆಟ್ಟಿಗೆಯಲ್ಲಿ ಟರ್ಬೊ, ಮ್ಯಾನಿಫೋಲ್ಡ್, ಇಂಟರ್‌ಕೂಲರ್, ಪೈಪುಗಳು, ಹೋಸುಗಳು ಇದ್ದವು. ಇಂಜೆಕ್ಟರ್ ಇರಲಿಲ್ಲ, ಫ್ಯುಯೆಲ್ ಪಂಪ್ ಇರಲಿಲ್ಲ. ಫೋನ್ ಮಾಡಿ ಕೇಳಿದಾಗ ಮಾರುವವನು ಹೇಳಿದ್ದು, "5 ಪಿಎಸ್‌ಐ ತನಕ ಗಾಡಿಯ ಕಂಪ್ಯೂಟರೇ ನೋಡಿಕೊಳ್ಳುತ್ತದೆ."

ಇದು ಶುದ್ಧ ಸುಳ್ಳು. ಟರ್ಬೊ ಜಾಸ್ತಿ ಗಾಳಿ ತುರುಕುತ್ತದೆ. ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬೇಕು, ಕಿಡಿ ಹಾರುವ ಸಮಯವನ್ನೂ ಹಿಂದಕ್ಕೆ ತಳ್ಳಬೇಕು. ಸಾದಾ ಗಾಡಿಯ ಕಂಪ್ಯೂಟರಿನ ಲೆಕ್ಕದಲ್ಲಿ ಬೂಸ್ಟ್ ಎನ್ನುವುದೇ ಇಲ್ಲ. ಬೂಸ್ಟ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಒಂದು ಪಾಲು ಪೆಟ್ರೋಲಿಗೆ ಹನ್ನೊಂದೂವರೆಯಿಂದ ಹನ್ನೆರಡು ಪಾಲು ಗಾಳಿ ಇದ್ದರೆ ಎಂಜಿನ್ ಉಳಿಯುತ್ತದೆ. ಗಾಳಿ ಅದಕ್ಕಿಂತ ಜಾಸ್ತಿಯಾದರೆ ಒಳಗಿನ ಬಿಸಿ ಏರುತ್ತದೆ, ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ. ನಾಕ್ ಅಂತಾರಲ್ಲ, ಅದೇ.

ಮೊದಲು ಕೈಕೊಟ್ಟಿದ್ದು ಎಣ್ಣೆಯ ಹೋಸು. ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುತ್ತದೆ, ತೆಳುವಾದ ಎಣ್ಣೆಯ ಪದರದ ಮೇಲೆ. ಆ ಎಣ್ಣೆ ತನ್ನ ಭಾರದಿಂದಲೇ ಕೆಳಗಿಳಿದು ಎಂಜಿನ್ ತಳದ ಎಣ್ಣೆ ತೊಟ್ಟಿಗೆ, ಅಂದರೆ ಸಂಪ್‌ಗೆ, ವಾಪಸ್ ಹೋಗಬೇಕು. ಅದಕ್ಕೇ ಡ್ರೈನ್ ಹೋಸು ದಪ್ಪಗಿರಬೇಕು, ಎಲ್ಲೂ ಮೇಲಕ್ಕೆ ಏರಬಾರದು, ಸಂಪ್‌ನಲ್ಲಿ ಎಣ್ಣೆಯ ಮಟ್ಟಕ್ಕಿಂತ ಮೇಲೆ ಸೇರಬೇಕು. ಕಿಟ್‌ನ ಹೋಸು ಸಣ್ಣದು, ಬಿಸಿ ತಡೆಯದ ರಬ್ಬರು. ಕೆಲವೇ ದಿನದಲ್ಲಿ ಅದು ಬಿರಿದು ಟರ್ಬೊದಿಂದ ಹೊಗೆ ಹೊರಹೋಗುವ ಬಿಸಿ ಡೌನ್‌ಪೈಪ್ ಮೇಲೆ ಎಣ್ಣೆ ತೊಟ್ಟಿಕ್ಕಿತು. ಬಾನೆಟ್ ಸಂದಿಯಿಂದ ಹೊಗೆ ಎದ್ದಿತು. ಪೆಟ್ರೋಲ್ ಗಾಡಿಯಲ್ಲಿ ಎಂಜಿನ್‌ನಿಂದ ಟರ್ಬೊಗೆ ಬರುವ ಹೊಗೆ 900 ಡಿಗ್ರಿಯ ಹತ್ತಿರ ಹೋಗಬಲ್ಲದು. ಗಾಡಿಯೇ ಹೊತ್ತಿಕೊಳ್ಳಬಹುದಿತ್ತು. ಆ ಹೋಸನ್ನು ಕಿತ್ತು ಒಳ್ಳೆಯದನ್ನು ಹಾಕಿಸಿದೆವು.

ಎಂಜಿನ್ ಕೊಂದಿದ್ದು ವೇಸ್ಟ್‌ಗೇಟ್. ಬೂಸ್ಟ್ ನಿಗದಿಯ ಮಟ್ಟ ತಲುಪಿದಾಗ ಈ ಬಾಗಿಲು ತೆರೆದುಕೊಂಡು ಹೆಚ್ಚಿನ ಹೊಗೆಯನ್ನು ಟರ್ಬೊದ ಪಕ್ಕದಿಂದ ಹೊರಗೆ ಬಿಡಬೇಕು. ನಾಲ್ಕು ಲೀಟರಿನ ಎಂಜಿನ್ ಉಗುಳುವ ಹೊಗೆಗೆ ಆ ಕಿಟ್‌ನ ತೂತು ಏನೇನೂ ಸಾಲದು. ಬಾಗಿಲು ಪೂರ್ತಿ ತೆರೆದರೂ ಆರ್‌ಪಿಎಂ ಏರಿದ ಹಾಗೆ ಬೂಸ್ಟ್ ಏರುತ್ತಲೇ ಹೋಗುತ್ತದೆ. ಫ್ರೀವೇ ಹತ್ತುವಾಗ ಗೇಜ್ 5ನ್ನು ದಾಟಿ 10ರ ಮೇಲೆ ಹೋಯಿತು. ತಗಡಿನ ಡಬ್ಬಿಯಲ್ಲಿ ಜಲ್ಲಿ ಅಲ್ಲಾಡಿಸಿದ ಹಾಗೆ ಸದ್ದು ಬಂತು. ನನ್ನ ತಮ್ಮ ಆಕ್ಸಿಲರೇಟರಿನಿಂದ ಕಾಲು ತೆಗೆಯುವಷ್ಟರಲ್ಲಿ ಕನ್ನಡಿಯ ತುಂಬ ನೀಲಿ ಹೊಗೆ. ಆಮೇಲೆ ಕಂಪ್ರೆಷನ್ ಟೆಸ್ಟ್ ಮಾಡಿದರೆ ಒಂದು ಸಿಲಿಂಡರಿನಲ್ಲಿ ಒತ್ತಡವೇ ಇಲ್ಲ. ಹೆಡ್ ಬಿಚ್ಚಿ ಪಿಸ್ಟನ್ ಹೊರತೆಗೆದಾಗ ರಿಂಗ್ ಕೂರುವ ಅಂಚು ತುಂಡಾಗಿತ್ತು. ಸಿಲಿಂಡರಿನ ಗೋಡೆಯಲ್ಲಿ ಉದ್ದಕ್ಕೆ ಗೀರು.

ಮಾರಿದವನನ್ನು ಕೇಳಿದರೆ "ಟ್ಯೂನ್ ಮಾಡಿಸಬೇಕಿತ್ತು" ಅಂದ. ಅಷ್ಟೊತ್ತಿಗೆ ಜಾಹೀರಾತಿನಿಂದ "ಟ್ಯೂನ್ ಬೇಡ" ಎನ್ನುವ ಮಾತು ಮಾಯವಾಗಿತ್ತು. ದುಡ್ಡು ವಾಪಸ್ ಬಂದಿಲ್ಲ.

ಟರ್ಬೊ ಹಾಕಲೇಬೇಕು ಅನ್ನುವವರು ಖರ್ಚನ್ನು ತಿರುಗಿಸಿ ಲೆಕ್ಕ ಹಾಕಿ. ದೊಡ್ಡ ಇಂಜೆಕ್ಟರ್, ಪಂಪ್, ಗಾಳಿ-ಪೆಟ್ರೋಲ್ ಪಾಲು ತೋರಿಸುವ ವೈಡ್‌ಬ್ಯಾಂಡ್ ಗೇಜ್, ಎಂಜಿನ್ ಶಕ್ತಿ ಅಳೆಯುವ ಡೈನೊ ಮೇಲೆ ಟ್ಯೂನ್, ಇವುಗಳ ದುಡ್ಡನ್ನು ಮೊದಲು ಎತ್ತಿಡಿ. ಇವಿಷ್ಟೇ ಕಿಟ್‌ನ ಬೆಲೆಯನ್ನು ದಾಟುತ್ತವೆ. ಇನ್ನು ಮೆಲ್ಬೋರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಸಾದಾ ಗಾಡಿಗೆ ಟರ್ಬೊ ಹಾಕಿದರೆ ವಿಎಎಸ್‌ಎಸ್ ಎಂಜಿನಿಯರ್ (ಮಾರ್ಪಡಿಸಿದ ಗಾಡಿಗಳನ್ನು ನೋಡಲು ಅಧಿಕಾರ ಇರುವವರು) ಪರೀಕ್ಷಿಸಿ ಸರ್ಟಿಫಿಕೇಟ್ ಕೊಡಬೇಕು. ಅದಿಲ್ಲದೆ ಪೊಲೀಸರ ಕೈಗೆ ಸಿಕ್ಕರೆ ಗಾಡಿಯಲ್ಲಿ ದೋಷವಿದೆ ಅನ್ನುವ ಡಿಫೆಕ್ಟ್ ನೋಟಿಸ್. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಹಾಕಿದ್ದರೆ ಅಪಘಾತವಾದಾಗ ಅವರು ಕ್ಲೇಮ್ ತಳ್ಳಿಹಾಕಬಹುದು. ಎದುರಿನ ಗಾಡಿ ದುಬಾರಿಯದಾದರೆ ಆ ಸಾಲ ತೀರಿಸುವುದು ಯಾರು?

ನನ್ನ ಪ್ರಕಾರ ಸಾದಾ ಫಾಲ್ಕನ್ ಮಾರಿ, ಕೈಲಾದಷ್ಟು ಸೇರಿಸಿ, ಸರಿಯಾದ ಸರ್ವಿಸ್ ದಾಖಲೆ ಇರುವ ಎಕ್ಸ್‌ಆರ್6 ಟರ್ಬೊ ಕೊಳ್ಳುವುದೇ ಅಗ್ಗ. ಅದು ಕಾರ್ಖಾನೆಯಿಂದಲೇ ಟರ್ಬೊ ಸಮೇತ ಬಂದ ಗಾಡಿ, ಟರ್ಬೊ ಹಾಕಿದ್ದಕ್ಕೆ ಅಂತ ಬೇರೆ ಸರ್ಟಿಫಿಕೇಟ್ ಬೇಡ. ಆದರೆ ನಿಮ್ಮ ಮಗ ಅಥವಾ ತಮ್ಮ ಇನ್ನೂ ಹೊಸ ಚಾಲಕರ ಪಿ ಪ್ಲೇಟ್‌ನಲ್ಲಿದ್ದರೆ, ಆ ಗಾಡಿ ಓಡಿಸಲು ಅವನಿಗೆ ಅನುಮತಿ ಇದೆಯಾ ಅಂತ ಮೊದಲು ಲೈಸೆನ್ಸ್ ಕೊಡುವ ವಿಕ್‌ರೋಡ್ಸ್‌ನಲ್ಲಿ ವಿಚಾರಿಸಿ.

ಈಗಾಗಲೇ ಕಿಟ್ ತರಿಸಿದವರು ಅದನ್ನು ಗಾಡಿಗೆ ಹಾಕಬೇಡಿ. ಜಾಹೀರಾತಿನ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಟ್ಟುಕೊಳ್ಳಿ. ಮಾರಿದ್ದು ಅಂಗಡಿಯವರಾದರೆ ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯಾಗೆ ದೂರು ಕೊಡುವಾಗ ಅದೇ ನಿಮ್ಮ ಸಾಕ್ಷಿ.